ಬಾವಿ ಎಡಗೈಗಿರಲಿ

೧೩ ಫೆಬ್ರವರಿ ೧೯೬೧, ಸೋಮವಾರ. ಶಿರಾ

ಆಫೀಸಿನ ಡೈರಿಯಲ್ಲಿ ಇವತ್ತು ಬರೆದದ್ದು: “ಹೊಗೆಯಿಲ್ಲದ ಒಲೆಯ ಬಗ್ಗೆ ಏಳು ಮನೆಗಳಲ್ಲಿ ತಿಳಿವಳಿಕೆ ಕೊಡಲಾಯಿತು.” ಕೊಟ್ಟಿದ್ದು ಮೂರೇ ಮನೆಯಲ್ಲಿ. ಮಿಕ್ಕ ನಾಲ್ಕು ಮನೆಗೆ ಜಗಲಿ ಇರಲಿಲ್ಲ.

ಒಲೆಗೂ ಜಗಲಿಗೂ ಏನಮ್ಮ ಸಂಬಂಧ ಅಂತ ಸಾಹೇಬರು ಕೇಳಿದರೆ ಹೇಳೋಕಾಗಲ್ಲ, ಅದಕ್ಕೇ ಈ ಬೇರೆ ನೋಟ್‌ಬುಕ್ಕು. ನನಗೆ ಸೈಕಲ್ ಹೊಡೆಯೋಕೆ ಬರುತ್ತೆ, ಇಳಿಯೋಕೆ ಬರಲ್ಲ. ಚಿಕ್ಕವಳಿದ್ದಾಗ ಅಣ್ಣನ ಸೈಕಲ್ಲಲ್ಲಿ ಅರ್ಧ ಪೆಡಲು ಕಲಿತಿದ್ದೆ, ಅಷ್ಟೇ ಬಂಡವಾಳ. ಯಾರಾದರೂ ಹಿಡಿದು ಹತ್ತಿಸಿದರೆ ನೇರವಾಗಿ ಹೋಗುತ್ತೇನೆ. ನಿಲ್ಲಬೇಕಾದರೆ ಪಕ್ಕದಲ್ಲಿ ಜಗಲಿಯೋ ಕಟ್ಟೆಯೋ ಇರಬೇಕು, ಅದರ ಮೇಲೆ ಕಾಲಿಟ್ಟು ಇಳಿಯುತ್ತೇನೆ. ಗ್ರಾಮಸೇವಿಕೆ ತಮ್ಮ ಮನೆಗೆ ಮಾತ್ರ ಬರುತ್ತಾಳೆ ಅಂತ ಜಗಲಿ ಇದ್ದವರಿಗೆ ಹೆಮ್ಮೆ.

ಇವತ್ತು ತುಮಕೂರಿನಿಂದ ಕಾಗದ ಬಂತು. ಏಪ್ರಿಲ್ ಹತ್ತಕ್ಕೆ ಮೇಲಿನ ಅಧಿಕಾರಿ ಅಮ್ಮನವರು ಬಂದು ಸೈಕಲ್ ಪರೀಕ್ಷೆ ಮಾಡುತ್ತಾರಂತೆ. ಕೆರೆ ಏರಿ ಮೇಲಿಂದ ಇಳಿಜಾರು ಇಳಿದು, ಬಲಕ್ಕೆ ತಿರುಗಿ, ಎರಡು ಮೈಲಿ ದೂರದ ಹಳ್ಳಿಗೆ ಹೋಗಿ ಬರಬೇಕು. ಆಗದವರ ಕೆಲಸ ಖಾಯಂ ಆಗುವುದಿಲ್ಲ.

ಖಾಯಂ ಆಗದಿದ್ದರೆ ಪಾವಗಡದ ಬಸ್ಸು, ಅಣ್ಣ ದೊಡ್ಡರಂಗಪ್ಪನ ಮನೆ. ಗಂಡ ಹೋದಾಗ ನನಗೆ ಹದಿನೇಳು. ಆಮೇಲೆ ಎಂಟು ವರ್ಷ ಅಲ್ಲೇ ಇದ್ದೆ. ಅತ್ತಿಗೆ ಕೆಟ್ಟವಳಲ್ಲ. ಆದರೆ ಊಟಕ್ಕೆ ಎಷ್ಟು ಜನ ಅಂತ ಯಾರಾದರೂ ಕೇಳಿದರೆ “ಆರು ಜನ, ಇವಳೂ” ಅನ್ನುತ್ತಿದ್ದಳು. ಎಂಟು ವರ್ಷ ನನ್ನ ಹೆಸರು ‘ಇವಳೂ’. ನಾನು ಮತ್ತೆ ಅಲ್ಲಿಗೆ ಹೋಗಲಾರೆ.

೧೫ ಫೆಬ್ರವರಿ, ಬುಧವಾರ

ಬೆಳಿಗ್ಗೆ ಆರಕ್ಕೆ ಆಫೀಸಿನ ಹಿಂದಿನ ಬಯಲಲ್ಲಿ ಗುಂಪಿನ ಕ್ಲಾಸು ಶುರುವಾಯಿತು. ಗುಂಪು ಅಂದರೆ ನಾವು ಮೂವರು ಗ್ರಾಮಸೇವಿಕೆಯರು: ಕೊಳಾಲದ ಕಡೆಯ ದೊಡ್ಡಕ್ಕ, ಮಧುಗಿರಿಯ ರಾಜಲಕ್ಷ್ಮಮ್ಮ, ನಾನು. ಹೆಂಗಸರ ಸೈಕಲ್ ಎರಡೇ. ಕಲಿಸುವವನು ಜೀಪ್ ಡ್ರೈವರ್ ಅಡವಯ್ಯ, ಕುತ್ತಿಗೆಗೊಂದು ಸೀಟಿ ನೇತುಹಾಕಿಕೊಂಡು ಬಂದಿದ್ದ.

ಅವನದೊಂದು ಕಾನೂನು. ಒಬ್ಬರು ಬಿದ್ದರೆ ಇನ್ನೊಬ್ಬರೂ ಇಳಿದು ಹತ್ತಿರ ಹೋಗಬೇಕು. “ಬಿದ್ದೋಳ್ನ ಬುಟ್ಟು ಮುಂದಕ್ಕೆ ಓಡಂಗಿಲ್ಲ ಕಣಮ್ಮ. ಮೊದ್ಲು ಸೈಕಲ್ ನೋಡಿ, ಆಮ್ಯಾಕೆ ಮಂಡಿ ನೋಡಿ,” ಅಂದ. ದೊಡ್ಡಕ್ಕನಿಗೆ ಏನೇನೂ ಬರಲ್ಲ, ಹತ್ತು ಮಾರಿಗೊಂದು ಸಲ ಬೀಳುತ್ತಾಳೆ, ಬಿದ್ದು ನಗುತ್ತಾಳೆ ಬೇರೆ. ಅವಳು ಬಿದ್ದಾಗಲೆಲ್ಲ ನಾನು ಇಳಿಯಬೇಕು. ಬಯಲಲ್ಲಿ ಜಗಲಿ ಎಲ್ಲಿಂದ ಬರಬೇಕು? ಆದ್ದರಿಂದ ಅವಳು ಬಿದ್ದಾಗಲೆಲ್ಲ ನಾನೂ ಬಿದ್ದೆ. ಅವಳು ಆರು ಸಲ, ನಾನು ಆರು ಸಲ. ನೋಡಿದವರು: ಸಂತೆಗೆ ಹೊರಟ ಹದಿನಾಲ್ಕು ಜನ, ಒಂದು ಗಾಡಿ, ಆಫೀಸಿನ ಗುಮಾಸ್ತರು ಇಬ್ಬರು.

ಮೊಣಕೈ ಚರ್ಮ ಕಿತ್ತಿದೆ. ಅದು ಹಾಳಾಗಲಿ, ಆ ಹದಿನಾಲ್ಕು ಜನ.

೧೬ ಫೆಬ್ರವರಿ, ಗುರುವಾರ

ಇವತ್ತು ನಾಲ್ಕು ಸಲ. ನೋಡಿದವರು ಒಂಬತ್ತು. ದೊಡ್ಡಕ್ಕ ನನ್ನ ಸೆರಗಿನ ಧೂಳು ಕೊಡವೋಕೆ ಬಂದಳು, ಬೇಡ ಅಂದೆ.

ನಾನು ಈ ಗುಂಪಿಗೆ ಸೇರಿದವಳಲ್ಲ. ನನಗೆ ಅರ್ಧ ಬರುತ್ತೆ, ಅವರಿಗೆ ಸೊನ್ನೆ. ಅವರು ನನ್ನ ಮಟ್ಟಕ್ಕೆ ಬರುವಷ್ಟರಲ್ಲಿ ಏಪ್ರಿಲ್ ಬಂದಿರುತ್ತೆ.

೧೮ ಫೆಬ್ರವರಿ, ಶನಿವಾರ

ಪೇಟೆಯಲ್ಲಿ ಅಬ್ದುಲ್ ರಶೀದ್ ಸಾಬರ ಸೈಕಲ್ ಅಂಗಡಿ ಇದೆಯಲ್ಲ, ಅಲ್ಲಿ ಚೈನು ಬಿಗಿ ಮಾಡಿಸೋಕೆ ಹೋಗಿದ್ದೆ. ಒಬ್ಬಳಿಗೇ ಕಲಿಸುವವರು ಯಾರಾದರೂ ಇದ್ದಾರಾ ಅಂತ ಸುಮ್ಮನೆ ಕೇಳಿದೆ. ಅವರು ಒಂದು ಗಳಿಗೆ ನನ್ನ ಮೊಣಕೈ ನೋಡಿದರು. ಆಮೇಲೆ, ನಮ್ಮ ಅಕ್ಕನಿಗೆ ಚೆನ್ನಾಗಿ ಬರುತ್ತೆ, ಒಳಗೆ ಹೋಗಿ ಮಾತಾಡಿ ಅಂದರು.

ಅಂಗಡಿಯ ಹಿಂದೇನೇ ಮನೆ. ಸುತ್ತ ಆಳೆತ್ತರದ ಗೋಡೆ, ದೊಡ್ಡ ಅಂಗಳ, ನಡುವೆ ಬಾವಿ. ಅಕ್ಕನ ಹೆಸರು ಶರ್ಫುನ್ನೀಸಾ, ನಲವತ್ತೈದಿರಬಹುದು. ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು. ಅದೇ ವರ್ಷ ಅಂಗಡಿಗೆ ಬಂದ ಒಂದು ಹೆಂಗಸರ ಸೈಕಲ್ಲು ಯಾರೂ ಕೊಳ್ಳದೆ ಅಂಗಳದಲ್ಲಿ ಬಿದ್ದಿತ್ತಂತೆ. ಬೇಜಾರಾದಾಗ ಹತ್ತೋದು, ಬೀಳೋದು, ಹಾಗೇ ಬಂತು ಅಂದರು. ಹತ್ತಿ ತೋರಿಸಿದರು. ಅಬ್ಬಾ! ಹೊಲಿಗೆ ಮಿಷನ್ನಿನ ಚಕ್ರ ತಿರುಗಿದ ಹಾಗೆ ಬಾವಿ ಸುತ್ತ ತಿರುಗಿ, ಸದ್ದಿಲ್ಲದೆ ಇಳಿದರು. ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳಬೇಕು.

ಏನು ಕೊಡಬೇಕು ಅಂತ ಕೇಳಿದೆ. ಪರೀಕ್ಷೆ ಆಗಲಿ, ಆಮೇಲೆ ಕೇಳ್ತೀನಿ ಅಂದರು.

ಅಡವಯ್ಯನಿಗೆ ಹೇಳಿದ್ದಕ್ಕೆ ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲೇ ಕಲಿತರೂ ಹತ್ತನೇ ತಾರೀಕು ಏರಿ ಮೇಲೆ ಬರಬೇಕು ಅಂದ, ಅಷ್ಟೆ. ದೊಡ್ಡಕ್ಕ ಮಾತ್ರ ಸಪ್ಪಗಾದಳು. ಅವಳಿಗೇನಂತೆ?

೨೦ ಫೆಬ್ರವರಿ, ಸೋಮವಾರ

ಸಂಜೆ ಐದಕ್ಕೆ ಮೊದಲ ಪಾಠ. ರಂಜಾನ್ ಉಪವಾಸ ನಡೆದಿದೆ. ಆ ಅಮ್ಮ ಬೆಳಗಿನಿಂದ ಹನಿ ನೀರು ಕುಡಿದಿಲ್ಲ, ಆದರೂ ನನ್ನ ಹಿಂದೆ ಸೀಟು ಹಿಡಿದು ಓಡುತ್ತಾರೆ. ನಾಚಿಕೆಯಾಗಿ ನಾಳೆ ಬಿಡೋಣ ಅಂದೆ. ಹೊತ್ತು ಹೋಗುತ್ತೆ, ನಡಿ ಅಂದರು. ಅವರು ಹೇಳಿದ್ದು ಒಂದೇ ಮಾತು: “ಬಾವಿ ಎಡಗೈಗಿರಲಿ, ಕಣ್ಣು ಮುಂದಕ್ಕಿರಲಿ.”

ಒಂದೇ ಸಲ ಬಿದ್ದೆ. ನೋಡಿದವರು: ಅವರೊಬ್ಬರು, ನಾಲ್ಕು ಕೋಳಿ. ಇದಪ್ಪಾ ಪಾಠ ಅಂದರೆ.

೨೮ ಫೆಬ್ರವರಿ, ಮಂಗಳವಾರ

ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಿದೆ. ಇಷ್ಟು ದಿನ ಅದರ ಮೇಲೆ ಕಾಲಿಟ್ಟು ಇಳಿಯುತ್ತಿದ್ದೆ. ಶರ್ಫುನ್ನೀಸಮ್ಮ ಇವತ್ತು ಒಳಗಿಂದ ಒಂದು ಚೊಂಬು ನೀರು ತಂದು ಸರಿಯಾಗಿ ಅದರ ಮೇಲಿಟ್ಟರು.

“ಇದು ನಾನು ಸಂಜೆ ರೋಜಾ, ಉಪವಾಸ ಬಿಡೋ ನೀರು. ಕಾಲಿಟ್ಟು ಚೆಲ್ಲಿದರೆ ಚೆಲ್ಲು.”

ಎಂಥಾ ಹೆಂಗಸು! ಇಪ್ಪತ್ತು ಸುತ್ತು ಸುತ್ತಿದೆ, ಇಳಿಯುವ ದಾರಿ ಕಾಣದೆ. ಕೊನೆಗೆ ಬ್ರೇಕು ಹಿಡಿದು, ಬಲಗಾಲು ಈ ಕಡೆ ತಂದು, ಹೇಗೋ ಕೆಳಗೆ ನಿಂತಿದ್ದೆ. ಸೈಕಲ್ಲೂ ನಿಂತಿತ್ತು. ಚೊಂಬಿನ ನೀರು ಹಾಗೇ ಇತ್ತು. ಅವರು ಖರ್ಜೂರ ಬಾಯಿಗಿಟ್ಟು ಆ ನೀರು ಕುಡಿಯುವ ತನಕ ನಾನು ಮನೆಗೆ ಹೊರಡಲಿಲ್ಲ.

೯ ಮಾರ್ಚ್, ಗುರುವಾರ

ಹತ್ತುವುದು ಬಂತು, ಇಳಿಯುವುದು ಬಂತು. ಒಂದು ವಾರದಿಂದ ಬಿದ್ದಿಲ್ಲ.

ಬಯಲಿನ ಪಕ್ಕ ಹಾದುಬಂದೆ. ದೊಡ್ಡಕ್ಕ ಇನ್ನೂ ಬೀಳುತ್ತಿದ್ದಾಳೆ. ರಾಜಲಕ್ಷ್ಮಮ್ಮ ಅವಳ ಮಂಡಿಗೆ ಊದುತ್ತಾ ಕೂತಿದ್ದಳು. ಪಾಪ ಅನ್ನಿಸಿತು, ಜೊತೆಗೆ ಸ್ವಲ್ಪ ಖುಷಿಯೂ ಆಯಿತು. ಕೆಟ್ಟ ಬುದ್ಧಿ.

೧೮ ಮಾರ್ಚ್, ಶನಿವಾರ

ನಿನ್ನೆ ಯುಗಾದಿ, ಇವತ್ತು ವರ್ಷತೊಡಕು. ಇವತ್ತು ಏನು ಮಾಡಿದರೆ ವರ್ಷವೆಲ್ಲ ಅದೇ ಅಂತ ಅವ್ವ ಹೇಳುತ್ತಿದ್ದಳು, ಇವತ್ತೊಂದು ದಿನ ಅಳಬೇಡವೇ ಅನ್ನುತ್ತಿದ್ದಳು. ಅದಕ್ಕೇ ಇವತ್ತು ಬೀಳಬಾರದು ಅಂತ ದೇವರಿಗೆ ಕೈ ಮುಗಿದು ಹೋದೆ. ಬೀಳಲಿಲ್ಲ. ಐವತ್ತು ಸುತ್ತು.

ಸಂಜೆ ಪಾಠ ಮುಗಿದ ಮೇಲೆ ಚಂದ್ರ ನೋಡಬೇಕಿತ್ತು. ಅವರಿಗೆ ಹಬ್ಬದ ಚಂದ್ರ, ನನಗೆ ಯುಗಾದಿ ಚಂದ್ರ. ಗೋಡೆ ಅಡ್ಡ ಇತ್ತು. ಇಬ್ಬರೂ ಒಗೆಯುವ ಕಲ್ಲಿನ ಮೇಲೆ ಹತ್ತಿ, ಒಬ್ಬರ ಹೆಗಲು ಒಬ್ಬರು ಹಿಡಿದು, ಪಡುವಣಕ್ಕೆ ಕತ್ತು ಚಾಚಿದೆವು. ನನಗೆ ಮೊದಲು ಕಂಡಿತು, ಉಗುರು ಕತ್ತರಿಸಿ ಎಸೆದಷ್ಟು ಸಣ್ಣಗೆ. ಅವರು ಅಂಗೈ ಮೇಲೆತ್ತಿ ಏನೋ ಕೇಳಿಕೊಂಡರು. ನಾನೂ ಕೇಳಿಕೊಂಡೆ. ಏನು ಅಂತ ಬರೆಯಬೇಕಾಗಿಲ್ಲ.

ಕಲ್ಲಿನಿಂದ ಇಳಿಯುವಾಗ ಅವರು ಗೋಡೆ ಆಚೆಯ ರಸ್ತೆಯನ್ನೇ ನೋಡುತ್ತಿದ್ದರು. ಒಂದು ಗಾಡಿ ಹೋಗುತ್ತಿತ್ತು. ಈ ರಸ್ತೆ ಎಲ್ಲಿಗೆ ಹೋಗುತ್ತೆ ಅಂತ ನನ್ನನ್ನ ಕೇಳಿದರು. ಅವರ ಮನೆ ಮುಂದಿನ ರಸ್ತೆ! ಬಡವನಹಳ್ಳಿ ಮೇಲೆ ಮಧುಗಿರಿಗೆ ಅಂದೆ.

ಈಗ ಅವರನ್ನ ಆಪಾ ಅಂತ ಕರೆಯುತ್ತಿದ್ದೇನೆ. ಅಕ್ಕ ಅಂತ ಅರ್ಥ, ಅವರೇ ಹಾಗೆ ಕರಿ ಅಂದರು.

೨೫ ಮಾರ್ಚ್, ಶನಿವಾರ

ನನ್ನ ಕಥೆ ಮುಗಿಯಿತು.

ಇವತ್ತು ಧೈರ್ಯವಾಗಿ ಆಫೀಸಿನ ಸೈಕಲ್ ತಗೊಂಡು ಕೆರೆ ಏರಿಗೆ ಹೋದೆ. ಹತ್ತಿದೆ, ಬಿಟ್ಟೆ, ಇಳಿಜಾರು ಇಳಿದೆ. ಕೆಳಗೆ ಬಲಕ್ಕೆ ತಿರುಗಬೇಕಲ್ಲ, ಕೈ ತಿರುಗಲೇ ಇಲ್ಲ. ಒಂದು ತಿಂಗಳು ಬಾವಿ ಎಡಗೈಗಿಟ್ಟುಕೊಂಡು ಎಡಕ್ಕೇ ಸುತ್ತಿದ್ದೇನೆ. ಬಲಕ್ಕೆ ಅಂದ ಕೂಡಲೇ ಮೈಯೆಲ್ಲ ಮರಗಟ್ಟಿತು. ನೇರವಾಗಿ ಹೋಗಿ ಕಳ್ಳಿಬೇಲಿಗೆ ಬಿದ್ದೆ. ಮತ್ತೆ ಹತ್ತಿದೆ, ಮತ್ತೆ ಬೇಲಿ. ಮೂರನೇ ಸಲ ಹತ್ತುವ ಧೈರ್ಯ ಬರಲಿಲ್ಲ, ತಳ್ಳಿಕೊಂಡು ಬಂದೆ.

ನನಗೆ ಅಳು ಬಂತು. ಅತ್ತೆ. ಇನ್ನು ಹದಿನಾರು ದಿನ.

೨೬ ಮಾರ್ಚ್, ಭಾನುವಾರ

ಆಪಾ ಹತ್ತಿರ ಹೋಗಿ ಜಗಳ ಆಡಿಬಿಟ್ಟೆ. ಬಲಕ್ಕೆ ಯಾಕೆ ಕಲಿಸಲಿಲ್ಲ, ಇದೇನು ಪಾಠ, ನನ್ನ ಅನ್ನ ಹೋಗುತ್ತೆ, ನಿಮಗೇನು ಅಂದೆ. “ಈಗಲಾದರೂ ತೋರಿಸಿ, ಬಲಕ್ಕೆ ಒಂದು ಸುತ್ತು ಹೊಡೀರಿ, ನೋಡ್ತೀನಿ,” ಅಂದೆ. ಸೈಕಲ್ ಹಿಡಿದುಕೊಂಡರು, ಮತ್ತೆ ಗೋಡೆಗೆ ಒರಗಿಸಿದರು. ಆಮೇಲೆ ಒಲೆ ಮೇಲೆ ಅನ್ನ ಇದೆ ಅಂತ ಒಳಗೆ ಹೋದರು.

ಅನ್ನದ ವಾಸನೆ ಏನೂ ಬರುತ್ತಿರಲಿಲ್ಲ. ನನ್ನ ಮೇಲೆ ಕೋಪ ಬಂದಿರಬೇಕು. ಬರಲಿ.

೨೭ ಮಾರ್ಚ್, ಸೋಮವಾರ

ಮಾನ ಮರ್ಯಾದೆ ಮೂಟೆ ಕಟ್ಟಿಟ್ಟು ಬೆಳಿಗ್ಗೆ ಆರಕ್ಕೆ ಬಯಲಿಗೆ ಹೋದೆ. ಏನಂದುಕೊಳ್ಳುತ್ತಾರೋ ಅಂತ ದೂರದಲ್ಲೇ ನಿಂತಿದ್ದೆ. ಅಡವಯ್ಯ ಸೀಟಿ ಊದಿದ. “ಪಾವಗಡದಮ್ಮ ಬಂದ್ಬುಟ್ರು, ಒಂದು ಸೈಕಲ್ ಬುಡಿ ಅವರ್ಗೆ,” ಅಂದ, ನಿನ್ನೆಯೂ ಬಂದಿದ್ದೆನೇನೋ ಅನ್ನುವ ಹಾಗೆ. ದೊಡ್ಡಕ್ಕ ತನ್ನ ಸೈಕಲ್ಲನ್ನೇ ತಂದು ನನ್ನ ಕೈಗೆ ಕೊಟ್ಟಳು.

ಎಡಕ್ಕೆ ಮಾತ್ರ ಬರುತ್ತೆ ಅಂತ ಹೇಳಬೇಕಾಯಿತು. ನಗುತ್ತಾರೆ ಅಂದುಕೊಂಡಿದ್ದೆ. ನಕ್ಕರು. ನಗುತ್ತಲೇ ರಾಜಲಕ್ಷ್ಮಮ್ಮ ಸೀಮೆಸುಣ್ಣ ತಂದು ನನ್ನ ಹ್ಯಾಂಡಲ್ಲಿನ ಬಲಗಡೆ ಒಂದು ಗುರುತು ಹಾಕಿದಳು. ಹಣೆಬೊಟ್ಟು ಇಟ್ಟ ಹಾಗಿತ್ತು. ಆ ಗುರುತು ಹೊಟ್ಟೆ ಕಡೆಗೆ ಬರಬೇಕು ಅಂದುಕೊಂಡು ತಿರುಗಿಸು, ಬಲ ಅನ್ನೋದು ಮರೆತುಬಿಡು ಅಂದಳು. ಇಷ್ಟು ಬುದ್ಧಿವಂತೆ ಅಂತ ನನಗೆ ಗೊತ್ತೇ ಇರಲಿಲ್ಲ. ಐದು ಸಲ ಬಿದ್ದೆ.

೩೧ ಮಾರ್ಚ್, ಶುಕ್ರವಾರ

ಇವತ್ತು ಬಿದ್ದದ್ದು ಲೆಕ್ಕ ಇಟ್ಟಿಲ್ಲ. ದೊಡ್ಡಕ್ಕನಿಗೆ ಇಳಿಯುವುದು ಹೇಳಿಕೊಟ್ಟೆ, ಆಪಾ ನನಗೆ ಹೇಳಿಕೊಟ್ಟ ಹಾಗೇ. ಚೊಂಬು ಇರಲಿಲ್ಲ, ಅಡವಯ್ಯನ ಊಟದ ಡಬ್ಬಿ ಇಟ್ಟೆವು. ಡಬ್ಬಿ ಅಪ್ಪಚ್ಚಿಯಾಯಿತು. ಎಲ್ಲರೂ ಸೇರಿ ಅವನಿಗೆ ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿದೆವು.

ದೊಡ್ಡಕ್ಕನೂ ಬಾಲವಿಧವೆಯಂತೆ. ಇಷ್ಟು ದಿನ ಅವಳು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ. ಅಷ್ಟೊಂದು ನಗುವವಳನ್ನ ಯಾರು ಕೇಳುತ್ತಾರೆ?

೬ ಏಪ್ರಿಲ್, ಗುರುವಾರ

ಬಲಕ್ಕೆ ಬರುತ್ತಿದೆ. ಹತ್ತು ಸಲದಲ್ಲಿ ಏಳು.

ಆಪಾ ಮನೆ ಮುಂದೆ ಎರಡು ಸಲ ಹಾದುಹೋದೆ. ಬಾಗಿಲು ತಟ್ಟಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಉಪವಾಸ ಇದ್ದುಕೊಂಡು ನನ್ನ ಹಿಂದೆ ಓಡಿದವರಿಗೆ ನಾನು ಎಂಥಾ ಮಾತು ಅಂದುಬಿಟ್ಟೆ!

೧೦ ಏಪ್ರಿಲ್, ಸೋಮವಾರ

ಆಗಿಹೋಯಿತು. ಆದ ಹಾಗೇ ಬರೆಯುತ್ತೇನೆ.

ಸೈಕಲ್ ಎರಡೇ. ನಾನೂ ದೊಡ್ಡಕ್ಕನೂ ಮೊದಲು. ಹಿಂದೆ ಜೀಪಿನಲ್ಲಿ ತುಮಕೂರಿನ ಅಮ್ಮನವರು ಗಡಿಯಾರ ಹಿಡಿದು ಕೂತಿದ್ದರು, ಅಡವಯ್ಯ ಜೀಪು ಓಡಿಸುತ್ತಿದ್ದ. ನಲವತ್ತು ನಿಮಿಷದೊಳಗೆ ವಾಪಸು ಬರಬೇಕು. ದೊಡ್ಡಕ್ಕ ಮುಂದೆ, ನಾನು ಹಿಂದೆ. ಏರಿ ಮೇಲೆ ಚೆನ್ನಾಗಿ ಹೋದೆವು. ಇಳಿಜಾರಿನ ನಡುವೆ ದೊಡ್ಡಕ್ಕನ ಸೀರೆಯಂಚು ಚೈನಿಗೆ ಸಿಕ್ಕಿಕೊಂಡು, ಅವಳೂ ಸೈಕಲ್ಲೂ ಒಟ್ಟಿಗೆ ಉರುಳಿದರು.

ನಾನು ಇಳಿದು ಹತ್ತಿರ ಹೋದೆ. ಮೊದಲು ಸೈಕಲ್ ನೋಡಿದೆ, ಚೈನು ಕಳಚಿತ್ತು. ಆಮೇಲೆ ಮಂಡಿ. ರಕ್ತ ಬಂದಿತ್ತು, ಮೂಳೆಗೇನೂ ಆಗಿರಲಿಲ್ಲ. ನೀನು ಹೋಗೇ, ನಿನ್ನ ಕೆಲಸ ಹೋಗುತ್ತೆ ಅಂತ ಅವಳು ನನ್ನ ತಳ್ಳುತ್ತಿದ್ದಳು, ಆ ಹೊತ್ತಿನಲ್ಲಿ ಮಾತ್ರ ನಗಲಿಲ್ಲ. ಅಂಚು ಬಿಡಿಸಲು ಆಗಲಿಲ್ಲ, ಹರಿದೆ. ಚೈನು ಹಾಕಿದೆ. ಅಷ್ಟರಲ್ಲಿ ಜೀಪು ಬಂದು ನಿಂತಿತ್ತು.

ಅಮ್ಮನವರು ಇಳಿಯದೇ ಕೇಳಿದರು: “ಬಿದ್ದವರು ಅವರು. ನೀವ್ಯಾಕೆ ನಿಂತಿರಿ? ನಿಮ್ಮ ಹೊತ್ತು ಹೋಗಲ್ವೇ?”

“ಅವಳು ಬಿದ್ದಳಲ್ಲಮ್ಮ,” ಅಂದೆ. ಅಡವಯ್ಯ ಸ್ಟಿಯರಿಂಗ್ ನೋಡುತ್ತಾ ಕೂತಿದ್ದ.

ಮತ್ತೆ ಹತ್ತಿದೆವು. ಹಳ್ಳಿಗೆ ಹೋಗಿ ವಾಪಸು ಬಂದಾಗ ಐವತ್ತೆರಡು ನಿಮಿಷ. ಬಲಕ್ಕೆ ಯಾವಾಗ ತಿರುಗಿದೆನೋ ನೆನಪಿಲ್ಲ. ಹಳ್ಳಿ ಮುಟ್ಟಿದ್ದೇನೆ ಅಂದ ಮೇಲೆ ತಿರುಗಿರಲೇಬೇಕು. ಮಧುಗಿರಿ ಬಸ್ಸಿನ ತುಂಬ ಜನ ನಮ್ಮನ್ನೇ ನೋಡುತ್ತಿದ್ದರು ಅಂತ ಆಮೇಲೆ ರಾಜಲಕ್ಷ್ಮಮ್ಮ ಹೇಳಿದಳು. ಯಾವ ಬಸ್ಸೋ, ನಾನು ಕಾಣೆ.

ಹನ್ನೆರಡು ನಿಮಿಷ ಹೆಚ್ಚಾಯಿತು. ಹೋಯಿತು ಅಂದುಕೊಂಡು ನಿಂತಿದ್ದೆ. ಅಮ್ಮನವರು ಪಟ್ಟಿಯಲ್ಲಿ ಬಹಳ ಹೊತ್ತು ಏನೋ ಬರೆದರು. ರಾಜಲಕ್ಷ್ಮಮ್ಮನ ಸರದಿಯೂ ಮುಗಿದ ಮೇಲೆ ಮೂವರ ಹೆಸರೂ ಕರೆದು, ಮೂವರೂ ಪಾಸು ಅಂದರು. ಗಡಿಯಾರದ ಮಾತೇ ಎತ್ತಲಿಲ್ಲ. ದೊಡ್ಡಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನಾನು ಅವಳ ಸೆರಗಿನ ಧೂಳು ಕೊಡವಿದೆ.

೧೫ ಏಪ್ರಿಲ್, ಶನಿವಾರ

ಆರ್ಡರ್ ಬಂತು. ರಾಮಾಂಜಿನಮ್ಮ, ಗ್ರಾಮಸೇವಿಕೆ, ಖಾಯಂ. ಮೇ ಒಂದರಿಂದ ಬಡವನಹಳ್ಳಿ. ನನ್ನ ಹೆಸರನ್ನ ಮೂರು ಸಲ ಓದಿದೆ.

ಆ ಕಾಗದ ಹಿಡಿದುಕೊಂಡು ಆಪಾ ಮನೆಗೆ ಹೋದೆ. ಕಾಲಿಗೆ ಬೀಳೋಕೆ ಹೋದರೆ ಹಿಂದೆ ಸರಿದರು, ನಮ್ಮಲ್ಲಿ ಹಾಗೆಲ್ಲ ಇಲ್ಲ ಅಂದರು. ತಪ್ಪಾಯಿತು ಅಂದೆ. ಯಾವುದು ಅಂದರು. ಶ್ಯಾವಿಗೆ ಪಾಯಸ ತಂದಿಟ್ಟರು. ಹಬ್ಬದ್ದಲ್ಲ, ಇವತ್ತು ಮಾಡಿದ್ದು. ರಶೀದ್ ಸಾಬರು ಆಫೀಸಿನಲ್ಲಿ ಕೇಳಿಕೊಂಡು ಬಂದು ಮೊದಲೇ ಹೇಳಿದ್ದರಂತೆ.

ಈಗ ಹೇಳಿ, ನಿಮಗೆ ನಾನೇನು ಕೊಡಬೇಕು ಅಂತ ಕೇಳಿದೆ. ಅವರು ಅಂಗಳದಲ್ಲಿ ನಿಂತಿದ್ದ ಸೈಕಲ್ಲನ್ನ ನೋಡಿದರು.

“ಬಲಕ್ಕೆ ತಿರುಗೋದು ಕಲಿಸಿಕೊಡು,” ಅಂದರು. “ಅವತ್ತು ನೀನು ಕೇಳಿದಾಗ ಒಲೆ ಮೇಲೆ ಅನ್ನ ಇರಲಿಲ್ಲ, ಬೇಟಿ. ನನಗೂ ಬರಲ್ಲ. ಹನ್ನೊಂದು ವರ್ಷ ಈ ಗೋಡೆಯೊಳಗೆ ನನಗೆ ಬಲಕ್ಕೆ ಬೇಕಾಗಿರಲೇ ಇಲ್ಲ.”

ಪಾಯಸದ ಬಟ್ಟಲು ನನ್ನ ಕೈಯಲ್ಲೇ ಇತ್ತು. ಎಂಟು ವರ್ಷಕ್ಕೇ ನಾನು ‘ಇವಳೂ’ ಆಗಿಹೋಗಿದ್ದೆ, ಇವರದು ಹನ್ನೊಂದು. ಈ ಮನೆಯಲ್ಲಿ ಊಟಕ್ಕೆ ಎಷ್ಟು ಜನ ಅಂತ ಕೇಳಿದರೆ ಏನನ್ನುತ್ತಾರೋ ಕೇಳುವ ಧೈರ್ಯ ನನಗಾಗಲಿಲ್ಲ.

ಒಬ್ಬರೇ ಕಲಿಯುತ್ತೀರೋ, ನಮ್ಮ ಗುಂಪನ್ನೂ ಕರೆದುಕೊಂಡು ಬರಲೋ ಅಂದೆ.

“ಕರಕೊಂಡು ಬಾ. ಬಿದ್ದರೆ ಇಳಿದು ಬರೋಕೆ ಜನ ಬೇಕಲ್ಲ.”

೧೭ ಏಪ್ರಿಲ್, ಸೋಮವಾರ

ಬೆಳಿಗ್ಗೆ ಆರಕ್ಕೆ ಮೂವರೂ ಹೋದೆವು. ದೊಡ್ಡಕ್ಕ ಕೋಳಿಗಳನ್ನ ಅಟ್ಟಿದಳು. ರಾಜಲಕ್ಷ್ಮಮ್ಮ ಹ್ಯಾಂಡಲ್ಲಿಗೆ ಸೀಮೆಸುಣ್ಣದ ಬೊಟ್ಟಿಟ್ಟಳು. ಮುಂದಿನ ವಾರ ಆಪಾ ಅವರನ್ನ ರಸ್ತೆಗೆ ಕರೆದುಕೊಂಡು ಹೋಗಬಹುದೇ ಅಂತ ರಶೀದ್ ಸಾಬರನ್ನ ಕೇಳಿದೆ. ನಮ್ಮ ಅಕ್ಕನನ್ನೇ ಕೇಳಿ, ನಾನು ಯಾವತ್ತು ಬೇಡ ಅಂದೆ ಅಂತ ಅಂದು ಅಂಗಡಿ ಬಾಗಿಲು ತೆಗೆಯೋಕೆ ಹೋದರು.

ಆಪಾ ಸೈಕಲ್ ಹಿಡಿದು ನಿಂತರು. ನಾನು ಸೀಟು ಹಿಡಿದುಕೊಂಡೆ.

“ಬಾವಿ ಬಲಗೈಗಿರಲಿ ಆಪಾ,” ಅಂದೆ.